ಕಾಲೇಜು ಕ್ರೀಡಾತಂಡಗಳ ಶ್ರೇಣಿನಿರ್ಣಯದಲ್ಲಿ ಗಣಕ ಪದ್ಧತಿಗಳು: ಒಂದು ಚಾರಿತ್ರಿಕ ಸಮೀಕ್ಷೆ

೧. ವಿಷಯ ಪ್ರವೇಶ

೨೦೨೨ರ ಏಪ್ರಿಲ್ ೨೪ರಿಂದ ಮೇ ೩ರವರೆಗೆ ಬೆಂಗಳೂರಿನಲ್ಲಿ ಎರಡನೆಯ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟವು ನಡೆಯಿತು. ಅದರ ಪದಕಪಟ್ಟಿಯಲ್ಲಿ ಆತಿಥೇಯ ಸಂಸ್ಥೆಯಾದ ಬೆಂಗಳೂರಿನ ಜೈನ್ ವಿಶ್ವವಿದ್ಯಾಲಯವು ೨೦ ಚಿನ್ನ, ೭ ಬೆಳ್ಳಿ, ೫ ಕಂಚು, ಹೀಗೆ ೩೨ ಪದಕಗಳನ್ನು ಗಳಿಸಿ ಪ್ರಥಮ ಸ್ಥಾನವನ್ನು ಪಡೆಯಿತು. ಪಂಜಾಬಿನ ಲವ್ಲಿ ಪ್ರೊಫೆಷನಲ್ ವಿಶ್ವವಿದ್ಯಾಲಯವು ೧೭ ಚಿನ್ನ, ೧೫ ಬೆಳ್ಳಿ, ೧೯ ಕಂಚುಗಳೊಡನೆ ಎರಡನೆಯದಾಗಿಯೂ, ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯವು ೧೫ ಚಿನ್ನ, ೯ ಬೆಳ್ಳಿ, ೨೪ ಕಂಚುಗಳೊಡನೆ ಮೂರನೆಯದಾಗಿಯೂ ನಿಂತುವು. ಎರಡನೆಯ ಸಂಸ್ಥೆಯ ಒಟ್ಟು ಪದಕಗಳು ೫೧, ಮೂರನೆಯದರವು ೪೮. ಅತ್ಯಂತ ಕಡಮೆ ಪದಕಗಳನ್ನು ಪಡೆದ ಸಂಸ್ಥೆಯೇ ಈ ಮೂರರಲ್ಲಿ ಅಗ್ರಸ್ಥಾನದಲ್ಲಿದೆ.

ಇದರಲ್ಲಿ ಅನ್ಯಾಯವೇನೂ ನಡೆದಿಲ್ಲ. ಮೊದಲು ಚಿನ್ನವನ್ನು ಎಣಿಸುವುದು, ಅದು ಸಮನಾದರೆ ಬೆಳ್ಳಿಯನ್ನು, ಆಮೇಲೆ ಕಂಚನ್ನು ನೋಡುವುದು ಎಂಬ ನಿಯಮವು ಬಹುಕಾಲದಿಂದ ರೂಢಿಯಲ್ಲಿರುವಂಥದು. ಆದರೆ ಚಿನ್ನಕ್ಕೆ ಮೂರು, ಬೆಳ್ಳಿಗೆ ಎರಡು, ಕಂಚಿಗೆ ಒಂದು ಎಂದು ಅಂಕಗಳನ್ನಿಟ್ಟು ಅದೇ ಪಟ್ಟಿಯನ್ನು ಕೂಡಿದರೆ ಲವ್ಲಿ ಸಂಸ್ಥೆಗೆ ೧೦೦, ಪಂಜಾಬಿಗೆ ೮೭, ಜೈನ್ ಸಂಸ್ಥೆಗೆ ೭೯ ಅಂಕಗಳು ಬಂದು, ಮೊದಲನೆಯದು ಮೂರನೆಯದಾಗುತ್ತದೆ. ಐದು, ಮೂರು, ಒಂದು ಎಂದು ಎಣಿಸಿದರೆ ಲವ್ಲಿಗೆ ೧೪೯ ಅಂಕಗಳು ಬಂದು, ಉಳಿದೆರಡೂ ೧೨೬ ಅಂಕಗಳಲ್ಲಿ ಸಮನಾಗುತ್ತವೆ. ಬೆಳ್ಳಿಗೆ ಎರಡು, ಕಂಚಿಗೆ ಒಂದು ಎಂದು ಸ್ಥಿರವಾಗಿಟ್ಟುಕೊಂಡಲ್ಲಿ, ಒಂದು ಚಿನ್ನವು ಹತ್ತು ಕಂಚುಗಳಿಗಿಂತ ಹೆಚ್ಚು ಬೆಲೆಯುಳ್ಳದ್ದೆಂದು ಒಪ್ಪಿದ ಹೊರತು ಜೈನ್ ಸಂಸ್ಥೆಯು ಮೊದಲ ಸ್ಥಾನಕ್ಕೆ ಬಾರದು. ಇದರೊಡನೆ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಈಜಿನಂಥ ಕ್ರೀಡೆಯಲ್ಲಿ ಸಮರ್ಥನಾದ ಒಬ್ಬನೇ ಸ್ಪರ್ಧಿಯು ಹಲವು ಚಿನ್ನಗಳನ್ನು ತರಬಹುದು. ಕಬಡ್ಡಿಯಲ್ಲಿ ಇಡೀ ತಂಡವು ಎಲ್ಲ ಪಂದ್ಯಗಳನ್ನು ಗೆದ್ದರೂ ಪಟ್ಟಿಗೆ ಸೇರುವುದು ಒಂದೇ ಚಿನ್ನ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯವರಿಗೆ ಈ ತೊಡಕು ಹೊಸದಲ್ಲ. ಕಾಯಿಯನ್ನು ಎಣಿಕೆಯಿಂದ ಮಾರುವುದುಂಟು. ಕೊಬ್ಬರಿಯನ್ನು ಕ್ವಿಂಟಾಲಿನಲ್ಲಿ ತೂಗುತ್ತಾರೆ. ಎಣಿಕೆಯಲ್ಲಿ ಮುಂದಿರುವ ತೋಟವು ತೂಕದಲ್ಲಿ ಹಿಂದೆ ಬೀಳಬಹುದು. ಎರಡು ತೋಟಗಳಲ್ಲಿ ಯಾವುದು ಮೇಲೆಂಬ ಪ್ರಶ್ನೆಗೆ ಉತ್ತರ ಹೇಳುವ ಮೊದಲು, ಎಣಿಸಬೇಕೋ ತೂಗಬೇಕೋ ಎಂಬುದನ್ನು ನಿಶ್ಚಯಿಸಬೇಕು.

ಕಾಲೇಜು ತಂಡಗಳ ಮೇಲು ಕೀಳುಗಳನ್ನು ಗಣಿತದಿಂದಲೂ, ಅನಂತರ ಗಣಕಯಂತ್ರದಿಂದಲೂ ನಿರ್ಣಯಿಸುವ ಯತ್ನವು ಸುಮಾರು ಒಂದು ಶತಮಾನದಿಂದ ನಡೆದುಬಂದಿದೆ. ಆ ಯತ್ನದ ಚರಿತ್ರೆಯನ್ನು ಸಂಕ್ಷೇಪವಾಗಿ ನಿರೂಪಿಸಿ, ಅದರಿಂದ ನಮ್ಮ ಕಾಲೇಜುಗಳಿಗೆ ಒದಗುವ ವಿವೇಕವೇನೆಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ಯಂತ್ರವು ಪಕ್ಷಪಾತವನ್ನು ಅರಿಯದೆಂಬ ಮಾತು ನಿಜವೇ ಆದರೂ, ಅದು ಪಾಲಿಸುವ ನಿಯಮಗಳು ಮನುಷ್ಯರು ಮಾಡಿದವು. ಆ ನಿಯಮಗಳನ್ನು ಯಾವಾಗ, ಹೇಗೆ, ಯಾರ ಮುಂದೆ ಮಾಡಲಾಯಿತೆಂಬುದರ ಮೇಲೆಯೇ ಪದ್ಧತಿಯೊಂದರ ನ್ಯಾಯವು ನಿಂತಿದೆಯೆಂದು ನಮಗೆ ತೋರುತ್ತದೆ.

೨. ನಮ್ಮಲ್ಲಿಯ ಕ್ರಮ

ಭಾರತದಲ್ಲಿ ಅಂತರ ವಿಶ್ವವಿದ್ಯಾಲಯ ಮಂಡಳಿಯು ೧೯೨೫ರಲ್ಲಿ ಸ್ಥಾಪಿತವಾಗಿ, ೧೯೭೩ರಲ್ಲಿ ಭಾರತೀಯ ವಿಶ್ವವಿದ್ಯಾಲಯಗಳ ಸಂಘವೆಂಬ ಹೆಸರನ್ನು ಪಡೆಯಿತು. ವಿಶ್ವವಿದ್ಯಾಲಯಗಳ ನಡುವಣ ಪಂದ್ಯಾವಳಿಗಳು ಇದರ ಆಶ್ರಯದಲ್ಲಿಯೇ ನಡೆಯುತ್ತವೆ. ಮೊದಲು ಒಂದು ವಿಶ್ವವಿದ್ಯಾಲಯದ ಕಾಲೇಜುಗಳು ತಮ್ಮೊಳಗೆ ಸೆಣಸುತ್ತವೆ. ಅಲ್ಲಿಂದ ಆಯ್ಕೆಯಾದ ವಿಶ್ವವಿದ್ಯಾಲಯದ ತಂಡವು ದಕ್ಷಿಣ ವಲಯದ ಪಂದ್ಯಾವಳಿಗೆ ಹೋಗುತ್ತದೆ. ವಲಯಗಳಲ್ಲಿ ಮುಂದೆ ಬಂದ ತಂಡಗಳು ಅಖಿಲ ಭಾರತ ಮಟ್ಟದಲ್ಲಿ ಕೂಡುತ್ತವೆ. ತಿಪಟೂರಿನ ಕಲ್ಪತರು ಕಾಲೇಜು ಮುಂತಾದ ಈ ಸೀಮೆಯ ಕಾಲೇಜುಗಳು ಹಿಂದೆ ಮೈಸೂರು ವಿಶ್ವವಿದ್ಯಾಲಯಕ್ಕೂ, ಬಳಿಕ ಬೆಂಗಳೂರು ವಿಶ್ವವಿದ್ಯಾಲಯಕ್ಕೂ ಸೇರಿದ್ದು, ತುಮಕೂರು ವಿಶ್ವವಿದ್ಯಾಲಯವು ೨೦೦೪ರಲ್ಲಿ ಸ್ಥಾಪಿತವಾದಂದಿನಿಂದ ಅದರ ವ್ಯಾಪ್ತಿಗೆ ಒಳಪಟ್ಟಿವೆ.

ವಿಶ್ವವಿದ್ಯಾಲಯಗಳ ಸಮಗ್ರ ಸಾಧನೆಗಾಗಿ ಮೌಲಾನಾ ಅಬುಲ್ ಕಲಾಂ ಆಜಾದ್ ಟ್ರೋಫಿಯನ್ನು ೧೯೫೬-೫೭ರಲ್ಲಿ ಏರ್ಪಡಿಸಲಾಯಿತು. ಅಮೃತಸರದ ಗುರುನಾನಕ್ ದೇವ್ ವಿಶ್ವವಿದ್ಯಾಲಯವು ಇದನ್ನು ಅತ್ಯಂತ ಹೆಚ್ಚು ಸಲ ಪಡೆದಿದೆ. ಬೆಂಗಳೂರಿನ ಕ್ರೀಡಾಕೂಟವು ನಡೆದ ೨೦೨೨ರ ರಾಷ್ಟ್ರೀಯ ಕ್ರೀಡಾ ಪ್ರಶಸ್ತಿಗಳಲ್ಲಿಯೂ ಈ ಟ್ರೋಫಿಯು ಆ ವಿಶ್ವವಿದ್ಯಾಲಯಕ್ಕೇ ಸಂದಿತು. ಕ್ರೀಡಾಕೂಟದ ಎಣಿಕೆ ಒಂದು, ಟ್ರೋಫಿಯ ಎಣಿಕೆ ಮತ್ತೊಂದು. ಎರಡರಲ್ಲಿಯೂ ಗಣನೆಗೆ ಬರುವ ಪಂದ್ಯಗಳು ಬೇರೆ ಬೇರೆಯಾದುದರಿಂದ ಮೊದಲ ಸ್ಥಾನವೂ ಬೇರೆಯಾಯಿತು.

ಕೆಳಗಿನ ಮೆಟ್ಟಿಲಾದ ಅಂತರಕಾಲೇಜು ಪಂದ್ಯಗಳು ಬಹುಮಟ್ಟಿಗೆ ಸೋತವರು ಹೊರಬೀಳುವ ನಾಕ್‌ಔಟ್ ಕ್ರಮದಲ್ಲಿ ನಡೆಯುವಂಥವು. ಸಮಯ, ಹಣ, ಮೈದಾನಗಳ ಅಭಾವವೇ ಇದಕ್ಕೆ ಕಾರಣ. ಹದಿನಾರು ತಂಡಗಳಿದ್ದರೆ ನಾಕ್‌ಔಟ್ ಕ್ರಮದಲ್ಲಿ ೧೫ ಪಂದ್ಯಗಳು ಸಾಕು. ಪ್ರತಿಯೊಂದು ತಂಡವೂ ಉಳಿದೆಲ್ಲವುಗಳೊಡನೆ ಆಡುವ ಲೀಗ್ ಕ್ರಮಕ್ಕೆ ೧೨೦ ಪಂದ್ಯಗಳು ಬೇಕು. ಆದರೆ ಆ ಹದಿನೈದು ಪಂದ್ಯಗಳ ಕ್ರಮದಲ್ಲಿ ಎಂಟು ತಂಡಗಳು ಒಂದೊಂದೇ ಪಂದ್ಯವನ್ನಾಡಿ ಮನೆಗೆ ಮರಳುತ್ತವೆ. ಮೊದಲ ಸುತ್ತಿನಲ್ಲಿಯೇ ಭಾವೀ ವಿಜೇತರಿಗೆ ಎದುರಾಗಿ ಒಂದೆರಡು ಅಂಕಗಳಿಂದ ಸೋತ ತಂಡಕ್ಕೂ, ಅತ್ಯಂತ ದುರ್ಬಲರ ಕೈಯಲ್ಲಿ ಸೋತ ತಂಡಕ್ಕೂ ದಾಖಲೆಯಲ್ಲಿ ವ್ಯತ್ಯಾಸವೇ ಉಳಿಯುವುದಿಲ್ಲ.

ಈ ದೋಷವನ್ನು ಗಣಿತದಿಂದ ತೋರಿಸಿಕೊಟ್ಟವರಲ್ಲಿ ಆಕ್ಸ್‌ಫರ್ಡಿನ ಗಣಿತಾಧ್ಯಾಪಕ ಚಾರ್ಲ್ಸ್ ಡಾಡ್ಜ್‌ಸನ್ ಮುಖ್ಯರು. ಲೂಯಿ ಕ್ಯಾರೊಲ್ ಎಂಬ ಹೆಸರಿನಿಂದ ಮಕ್ಕಳ ಕಥೆಗಳನ್ನು ಬರೆದವರೂ ಅವರೇ. ೧೮೮೩ರಲ್ಲಿ ಪ್ರಕಟವಾದ ಕಿರುಹೊತ್ತಗೆಯೊಂದರಲ್ಲಿ ಅವರು ಟೆನಿಸ್ ಪಂದ್ಯಾವಳಿಗಳ ಬಹುಮಾನ ಕ್ರಮವನ್ನು ಪರೀಕ್ಷಿಸಿದರು. ಮೂವತ್ತೆರಡು ಆಟಗಾರರಲ್ಲಿ ಉತ್ತಮನು ಯಾವಾಗಲೂ ಗೆಲ್ಲುವನೆಂದೇ ಇಟ್ಟುಕೊಂಡರೂ, ನಿಜವಾಗಿ ಎರಡನೆಯವನಾದ ಆಟಗಾರನಿಗೆ ಎರಡನೆಯ ಬಹುಮಾನವು ದೊರೆಯುವ ಸಂಭವ ೧೬/೩೧ ಮಾತ್ರ. ಮೊದಲಿಗನು ಇರುವ ಅರ್ಧದಲ್ಲಿಯೇ ಅವನ ಹೆಸರೂ ಬಿದ್ದಿದ್ದರೆ ಅಂತಿಮ ಪಂದ್ಯವನ್ನು ಅವನು ಕಾಣಲಾರ. ನಮ್ಮ ಹದಿನಾರು ತಂಡಗಳ ದೃಷ್ಟಾಂತದಲ್ಲಿ ಈ ಸಂಭವ ೮/೧೫. ಹೆಚ್ಚು ಕಡಮೆ ನಾಣ್ಯವನ್ನು ಚಿಮ್ಮಿ ನೋಡಿದಂತೆಯೇ ಸರಿ.

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕೆಂಕೆರೆಯಂಥ ಊರಿನಿಂದ ಬಸ್ಸಿನಲ್ಲಿ ಕಾಲೇಜಿಗೆ ಬಂದು ಹೋಗುವ ವಿದ್ಯಾರ್ಥಿಗೆ ಇದು ಕೇವಲ ಗಣಿತದ ವಿನೋದವಲ್ಲ. ವಿಶ್ವವಿದ್ಯಾಲಯದ ಪರವಾಗಿ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯಲ್ಲಿ ಆಡಿದವರಿಗೆ ಕೇಂದ್ರ ಸರ್ಕಾರದ ಕ್ರೀಡಾ ನೇಮಕಾತಿಯಲ್ಲಿ ಅರ್ಹತೆಯುಂಟು. ಆ ತಂಡದ ಆಯ್ಕೆಯಾದರೋ ಅಂತರಕಾಲೇಜು ಪಂದ್ಯಗಳಲ್ಲಿ ಆಯ್ಕೆಗಾರರ ಕಣ್ಣಿಗೆ ಬೀಳುವುದನ್ನು ಅವಲಂಬಿಸಿದೆ. ಒಂದೇ ಪಂದ್ಯವನ್ನಾಡಿ ಹೊರಬಿದ್ದ ತಂಡದ ಹುಡುಗನನ್ನು ನೋಡುವವರಾರು?

೩. ಲೆಕ್ಕದ ಆರಂಭ

ಎದುರಾಳಿಯ ಯೋಗ್ಯತೆಯನ್ನೂ ಗೆಲುವಿನ ಬೆಲೆಯಲ್ಲಿ ಸೇರಿಸಬೇಕೆಂಬ ಆಲೋಚನೆಯು ಮೊದಲು ಚದುರಂಗದಲ್ಲಿ ಬೆಳೆಯಿತು. ಜರ್ಮನಿಯ ಗಣಿತಜ್ಞ ಎಡ್ಮಂಡ್ ಲಾಂಡೌ ೧೮೯೫ರಲ್ಲಿಯೂ, ಎರ್ನ್ಸ್ಟ್ ಜೆರ್ಮೆಲೊ ೧೯೨೯ರಲ್ಲಿಯೂ ಚದುರಂಗದ ಪಂದ್ಯಾವಳಿಗಳ ಫಲಿತಾಂಶವನ್ನು ಅಳೆಯುವ ಬಗೆಯನ್ನು ಕುರಿತು ಬರೆದರು. ಜೆರ್ಮೆಲೊ ಅವರು ಪ್ರತಿಯೊಬ್ಬ ಆಟಗಾರನಿಗೂ ಒಂದು ಬಲವನ್ನು ಕಲ್ಪಿಸಿ, ಇಬ್ಬರು ಎದುರಾದಾಗ ಗೆಲ್ಲುವ ಸಂಭವವು ಆ ಬಲಗಳ ಪ್ರಮಾಣದಲ್ಲಿರುವುದೆಂದು ಇಟ್ಟುಕೊಂಡು, ನಡೆದ ಫಲಿತಾಂಶಗಳಿಗೆ ಅತ್ಯಂತ ಹೊಂದುವ ಬಲಗಳನ್ನು ಕಂಡುಹಿಡಿಯುವ ಮಾರ್ಗವನ್ನು ಹೇಳಿದರು. ಇದೇ ತತ್ತ್ವವನ್ನು ೧೯೫೨ರಲ್ಲಿ ಬ್ರ್ಯಾಡ್ಲಿ ಮತ್ತು ಟೆರಿ ಎಂಬ ಸಂಖ್ಯಾಶಾಸ್ತ್ರಜ್ಞರು ಸ್ವತಂತ್ರವಾಗಿ ಪ್ರತಿಪಾದಿಸಿದರು.

ಕಾಲೇಜು ತಂಡಗಳಿಗೆ ಈ ಬಗೆಯ ಲೆಕ್ಕವು ಅಗತ್ಯವಾದುದು ಅಮೆರಿಕದಲ್ಲಿ. ಅಲ್ಲಿ ಫುಟ್‌ಬಾಲ್ ಎಂದು ಕರೆಯುವ ಆಟವು ನಮ್ಮ ಕಾಲ್ಚೆಂಡಾಟವಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಕಠಿಣವಾದ ಮೈಯಾಟ. ಒಂದು ತಂಡವು ವಾರಕ್ಕೊಂದು ಪಂದ್ಯಕ್ಕಿಂತ ಹೆಚ್ಚು ಆಡಲಾರದು. ಇಡೀ ಋತುವಿನಲ್ಲಿ ಹನ್ನೆರಡು ಪಂದ್ಯಗಳಾದರೆ ಆಯಿತು. ಮೇಲ್ದರ್ಜೆಯ ತಂಡಗಳು ೧೨೦ ಎಂದು ಇಟ್ಟುಕೊಂಡರೆ ಎಲ್ಲರೂ ಎಲ್ಲರೊಡನೆ ಆಡಲು ೭,೧೪೦ ಪಂದ್ಯಗಳು ಬೇಕು. ಹೀಗಾಗಿ ಪರಸ್ಪರ ಮುಖವನ್ನೇ ಕಾಣದ ಎರಡು ತಂಡಗಳಲ್ಲಿ ಯಾವುದು ಮೇಲೆಂಬುದನ್ನು ಬೇರೆ ತಂಡಗಳ ಮೂಲಕ ಊಹಿಸಬೇಕಾಯಿತು. ನಮ್ಮಲ್ಲಿ ನಾಕ್‌ಔಟ್ ಕ್ರಮವು ಒಳ್ಳೆಯದೋ ಕೆಟ್ಟದೋ ಒಂದು ಉತ್ತರವನ್ನು ಕೊಟ್ಟುಬಿಡುತ್ತದೆ. ಅವರಲ್ಲಿ ಅದೂ ಇರಲಿಲ್ಲ.

ಇಲಿನಾಯ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರದ ಅಧ್ಯಾಪಕ ಫ್ರಾಂಕ್ ಡಿಕಿನ್‌ಸನ್ ಅವರು ೧೯೨೬ರಿಂದ ೧೯೪೦ರವರೆಗೆ ಇಡೀ ದೇಶದ ತಂಡಗಳಿಗೆ ಅನ್ವಯಿಸುವ ಪದ್ಧತಿಯೊಂದನ್ನು ನಡೆಸಿದರು. ತಂಡಗಳನ್ನು ಪ್ರಬಲ, ದುರ್ಬಲ ಎಂದು ಎರಡು ವರ್ಗಗಳಾಗಿ ವಿಂಗಡಿಸಿ, ಪ್ರಬಲರ ಮೇಲಿನ ಗೆಲುವಿಗೆ ೩೦, ದುರ್ಬಲರ ಮೇಲಿನ ಗೆಲುವಿಗೆ ೨೦, ಪ್ರಬಲರೆದುರಿನ ಸೋಲಿಗೆ ೧೫, ದುರ್ಬಲರೆದುರಿನ ಸೋಲಿಗೆ ೧೦ ಅಂಕಗಳನ್ನು ಕೊಟ್ಟು, ಮೊತ್ತವನ್ನು ಪಂದ್ಯಗಳ ಸಂಖ್ಯೆಯಿಂದ ಭಾಗಿಸುವುದೇ ಆ ಪದ್ಧತಿ. ದುರ್ಬಲರನ್ನೇ ಆರಿಸಿಕೊಂಡು ಎಲ್ಲ ಪಂದ್ಯಗಳನ್ನು ಗೆದ್ದ ತಂಡಕ್ಕೆ ಸರಾಸರಿ ೨೦ ಬರುತ್ತದೆ. ಪ್ರಬಲರೊಡನೆಯೇ ಸೆಣಸಿ ಅರ್ಧ ಗೆದ್ದು ಅರ್ಧ ಸೋತ ತಂಡಕ್ಕೆ ೨೨.೫ ಬರುತ್ತದೆ. ಧೈರ್ಯವಾಗಿ ಬಲಿಷ್ಠರನ್ನು ಎದುರಿಸಿದವರಿಗೆ ಮನ್ನಣೆ ಕೊಡಬೇಕೆಂಬ ನೀತಿಯೊಂದು ಈ ನಾಲ್ಕು ಅಂಕಿಗಳ ಒಳಗೆ ಅಡಗಿದೆ. ನೀತಿಯನ್ನು ಒಪ್ಪಬಹುದು, ಬಿಡಬಹುದು. ಅದು ಇದೆಯೆಂಬುದನ್ನು ಮಾತ್ರ ಅಲ್ಲಗಳೆಯಲಾಗದು.

ನೋಟ್ರ್‌ಡೇಮ್ ತಂಡದ ಪ್ರಸಿದ್ಧ ತರಬೇತುದಾರ ನೂಟ್ ರಾಕ್ನಿ ಈ ಪದ್ಧತಿಯನ್ನು ಹಿಂದಿನ ೧೯೨೪ರ ಋತುವಿಗೂ ಅನ್ವಯಿಸುವಂತೆ ಡಿಕಿನ್‌ಸನ್ನರನ್ನು ಒಡಂಬಡಿಸಿದರು. ಅನ್ವಯಿಸಿದಾಗ ಆ ವರ್ಷದ ಪ್ರಥಮ ಸ್ಥಾನವು ರಾಕ್ನಿಯವರ ತಂಡಕ್ಕೇ ಬಂದಿತು. ಆಟ ಮುಗಿದ ಬಳಿಕ ಅಳತೆಗೋಲನ್ನು ತರುವುದರಲ್ಲಿರುವ ಸಂದೇಹವು ಹೀಗೆ ಆರಂಭದಲ್ಲಿಯೇ ಕಾಣಿಸಿಕೊಂಡಿತು.

ಲೆಕ್ಕದ ಜೊತೆಯಲ್ಲಿಯೇ ಮತಗಣನೆಯೂ ಬೆಳೆಯಿತು. ಅಸೋಸಿಯೇಟೆಡ್ ಪ್ರೆಸ್ ವಾರ್ತಾಸಂಸ್ಥೆಯು ೧೯೩೬ರಿಂದ ವಾರವಾರವೂ ಪತ್ರಕರ್ತರ ಅಭಿಪ್ರಾಯವನ್ನು ಸಂಗ್ರಹಿಸಿ ಶ್ರೇಣಿಯನ್ನು ಪ್ರಕಟಿಸತೊಡಗಿತು. ೧೯೫೦ರಲ್ಲಿ ತರಬೇತುದಾರರ ಮತಗಣನೆಯೂ ಪ್ರಾರಂಭವಾಯಿತು. ನೂರಕ್ಕೂ ಮೇಲ್ಪಟ್ಟ ತಂಡಗಳ ಆಟವನ್ನು ಯಾವ ಪತ್ರಕರ್ತನೂ ಸಂಪೂರ್ಣವಾಗಿ ನೋಡಲಾರ; ತರಬೇತುದಾರನಿಗಂತೂ ತನ್ನದೇ ಹಿತಾಸಕ್ತಿಯುಂಟು. ಈ ಆಕ್ಷೇಪಣೆಗಳೇ ಮುಂದೆ ಗಣಕಯಂತ್ರವನ್ನು ಕರೆತಂದುವು.

೪. ಗಣಕಯಂತ್ರದ ಪ್ರವೇಶ

ಒಂದು ತಂಡದ ಬಲವು ಅದರ ಎದುರಾಳಿಗಳ ಬಲವನ್ನು ಅವಲಂಬಿಸಿದೆ. ಆ ಎದುರಾಳಿಗಳ ಬಲವು ಅವರ ಎದುರಾಳಿಗಳ ಬಲವನ್ನು, ಕೊನೆಗೆ ಮೊದಲ ತಂಡದ ಬಲವನ್ನೂ ಅವಲಂಬಿಸಿದೆ. ಮೇಲುನೋಟಕ್ಕೆ ಸುತ್ತುವಾದವೆಂದು ತೋರುವ ಈ ಸಂಬಂಧವನ್ನು ಏಕಕಾಲಿಕ ಸಮೀಕರಣಗಳಾಗಿ ಬರೆದರೆ ತೊಡಕು ಪರಿಹಾರವಾಗುತ್ತದೆ. ೧೨೦ ತಂಡಗಳಿಗೆ ೧೨೦ ಸಮೀಕರಣಗಳು. ಸಾಮಾನ್ಯ ನಿರಸನ ವಿಧಾನದಲ್ಲಿ ಅವನ್ನು ಬಿಡಿಸಲು ಸುಮಾರು ಐದು ಮುಕ್ಕಾಲು ಲಕ್ಷ ಗುಣಾಕಾರಗಳು ಬೇಕು. ನಿಮಿಷಕ್ಕೊಂದರಂತೆ ದಿನಕ್ಕೆ ಎಂಟು ಗಂಟೆ ಕುಳಿತು ಮಾಡಿದರೆ ಸಾವಿರದ ಇನ್ನೂರು ದಿನಗಳು ಹಿಡಿಯುತ್ತವೆ; ಶ್ರೇಣಿಯಾದರೋ ವಾರವಾರವೂ ಹೊಸದಾಗಬೇಕು. ಯಂತ್ರದ ಅಗತ್ಯವು ಇದರಿಂದ ಸ್ಪಷ್ಟ.

ಈ ಸುದೀರ್ಘ ಲೆಕ್ಕವನ್ನು ತಪ್ಪಿಸುವ ಸುಲಭ ಮಾರ್ಗವೊಂದನ್ನು ಚದುರಂಗಕ್ಕಾಗಿ ರೂಪಿಸಿದವರು ಮಿಲ್ವಾಕಿಯ ಭೌತಶಾಸ್ತ್ರದ ಅಧ್ಯಾಪಕ ಅರ್ಪಾದ್ ಏಲೊ. ಅವರ ಪದ್ಧತಿಯನ್ನು ಅಮೆರಿಕದ ಚದುರಂಗ ಸಂಸ್ಥೆಯು ೧೯೬೦ರಲ್ಲಿಯೂ, ಅಂತರರಾಷ್ಟ್ರೀಯ ಸಂಸ್ಥೆಯು ೧೯೭೦ರಲ್ಲಿಯೂ ಸ್ವೀಕರಿಸಿದುವು. ಇಲ್ಲಿ ಪ್ರತಿಯೊಬ್ಬನಿಗೂ ಒಂದು ಸಾಮರ್ಥ್ಯಾಂಕವಿರುತ್ತದೆ. ಕ್ರೀಡಾವಲಯದಲ್ಲಿ ರೇಟಿಂಗ್ ಎಂದು ಕರೆಯುವುದು ಇದನ್ನೇ. ಎದುರಾಳಿಗಿಂತ ೨೦೦ ಅಂಕ ಮೇಲಿರುವವನಿಂದ ನೂರಕ್ಕೆ ಸುಮಾರು ಎಪ್ಪತ್ತಾರರಷ್ಟು ಫಲವನ್ನು ನಿರೀಕ್ಷಿಸಲಾಗುತ್ತದೆ. ನಿರೀಕ್ಷೆಗಿಂತ ಹೆಚ್ಚು ಗಳಿಸಿದರೆ ಅಂಕವು ಏರುತ್ತದೆ, ಕಡಮೆಯಾದರೆ ಇಳಿಯುತ್ತದೆ. ೨೦೧೭ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಎನಿಸಿದ ಮೈಸೂರಿನ ಎಂ. ಎಸ್. ತೇಜ್‌ಕುಮಾರ್ ಅವರು ಆ ಬಿರುದಿಗಾಗಿ ಮುಟ್ಟಬೇಕಾಗಿದ್ದ ೨೫೦೦ ಅಂಕಗಳು ಈ ಲೆಕ್ಕದವೇ. ವಿಶ್ವ ಫುಟ್‌ಬಾಲ್ ಸಂಸ್ಥೆಯೂ ೨೦೧೮ರಲ್ಲಿ ತನ್ನ ರಾಷ್ಟ್ರೀಯ ತಂಡಗಳ ಶ್ರೇಣಿಗೆ ಈ ತತ್ತ್ವವನ್ನು ಅಳವಡಿಸಿಕೊಂಡಿತು.

ಕಾಲೇಜು ತಂಡಗಳಿಗೆ ಬಂದರೆ, ಜೆಫ್ ಸ್ಯಾಗರಿನ್ ಅವರ ಗಣಕ ಶ್ರೇಣಿಗಳು ೧೯೮೫ರಿಂದ ಯುಎಸ್‌ಎ ಟುಡೇ ಪತ್ರಿಕೆಯಲ್ಲಿ ಪ್ರಕಟವಾಗಿ ಜನಪ್ರಿಯವಾದುವು. ಗಣಿತಜ್ಞ ಜೇಮ್ಸ್ ಕೀನರ್ ೧೯೯೩ರ ಲೇಖನವೊಂದರಲ್ಲಿ, ಮೇಲೆ ಹೇಳಿದ ಸುತ್ತುಸಂಬಂಧಕ್ಕೆ ನಿಶ್ಚಿತವಾದ ಒಂದು ಪರಿಹಾರವು ಇದ್ದೇ ಇರುವುದೆಂಬುದನ್ನು ಪೆರಾನ್ ಮತ್ತು ಫ್ರೋಬೇನಿಯಸ್ ಅವರ ಪ್ರಮೇಯದ ಆಧಾರದಿಂದ ವಿವರಿಸಿದರು. ೧೯೯೭ರಲ್ಲಿ ಕೆನೆತ್ ಮ್ಯಾಸಿ ಎಂಬ ವಿದ್ಯಾರ್ಥಿಯು ತನ್ನ ಪದವಿ ಪ್ರಬಂಧದಲ್ಲಿ, ಪಂದ್ಯಗಳ ಅಂಕವ್ಯತ್ಯಾಸಗಳಿಗೆ ಕನಿಷ್ಠ ವರ್ಗ ವಿಧಾನವನ್ನು ಅನ್ವಯಿಸಿದನು. ಅಂಕವ್ಯತ್ಯಾಸವು ಒಂದು ತಂಡವು ಇನ್ನೊಂದಕ್ಕಿಂತ ಎಷ್ಟು ಮೇಲೆಂಬುದನ್ನು ಮಾತ್ರ ಹೇಳುವುದರಿಂದ, ಆ ಸಮೀಕರಣಗಳಿಗೆ ಏಕೈಕ ಪರಿಹಾರವಿರುವುದಿಲ್ಲ. ಎಲ್ಲ ತಂಡಗಳ ಅಂಕಕ್ಕೂ ಒಂದೇ ಸಂಖ್ಯೆಯನ್ನು ಕೂಡಿದರೂ ಅವು ಹೊಂದುತ್ತವೆ. ಆದುದರಿಂದ ಒಟ್ಟು ಮೊತ್ತವು ಸೊನ್ನೆಯಾಗಿರಲಿ ಎಂಬಂಥ ಹೊರಗಿನ ಕಟ್ಟಳೆಯೊಂದು ಬೇಕಾಗುತ್ತದೆ. ಇಂಥ ಅಪೂರ್ಣ ಸಮೀಕರಣಗಳನ್ನು ಬಿಡಿಸುವ ಸಾಮಾನ್ಯೀಕೃತ ವಿಲೋಮದ ಸಿದ್ಧಾಂತವನ್ನು ಸಂಖ್ಯಾಶಾಸ್ತ್ರದಲ್ಲಿ ಬೆಳೆಸಿದವರಲ್ಲಿ ಪ್ರಮುಖರು, ೧೯೨೦ರಲ್ಲಿ ಹೂವಿನಹಡಗಲಿಯಲ್ಲಿ ಜನಿಸಿದ ಸಿ. ಆರ್. ರಾವ್ ಅವರೆಂಬುದನ್ನು ನಮ್ಮ ವಿದ್ಯಾರ್ಥಿಗಳು ನೆನೆಯಬೇಕು.

೫. ಒಂದು ದೃಷ್ಟಾಂತ

ಖಗೋಳವಿಜ್ಞಾನಿ ವೆಸ್ಲಿ ಕಾಲಿ ಅವರು ಇದೇ ಕಾಲದಲ್ಲಿ ರಚಿಸಿದ ಪದ್ಧತಿಯು ಗೆಲುವು ಸೋಲುಗಳನ್ನು ಮಾತ್ರ ನೋಡುತ್ತದೆ. ಎಷ್ಟು ಅಂಕಗ���ಿಂದ ಗೆದ್ದರೆಂಬುದನ್ನು ಕೇಳುವುದಿಲ್ಲ. ಪ್ರತಿ ತಂಡವೂ ಅರ್ಧ ಎಂಬ ಅಂಕದಿಂದ ಹೊರಡುತ್ತದೆ. ತಂಡದ ಸಾಮರ್ಥ್ಯಾಂಕವನ್ನು, ಅದು ಆಡಿದ ಪಂದ್ಯಗಳ ಸಂಖ್ಯೆಗೆ ಎರಡನ್ನು ಕೂಡಿಸಿ ಬಂದುದರಿಂದ ಗುಣಿಸಿ, ಅದರಿಂದ ಎದುರಾಳಿಗಳ ಸಾಮರ್ಥ್ಯಾಂಕಗಳ ಮೊತ್ತವನ್ನು ಕಳೆದರೆ, ಗೆಲುವು ಸೋಲುಗಳ ವ್ಯತ್ಯಾಸದ ಅರ್ಧಕ್ಕೆ ಒಂದನ್ನು ಕೂಡಿಸಿದಷ್ಟು ಬರಬೇಕು. ಇದಿಷ್ಟೇ ನಿಯಮ.

ನಮ್ಮ ಸೀಮೆಯ ಐದು ಊರುಗಳ ಹೆಸರಿನಲ್ಲಿ ಐದು ಕಬಡ್ಡಿ ತಂಡಗಳನ್ನು ಕಲ್ಪಿಸಿಕೊಳ್ಳೋಣ. ತಂಡಗಳೂ ಫಲಿತಾಂಶಗಳೂ ಕೇವಲ ಕಲ್ಪಿತ. ತಿಪಟೂರು ತಂಡವು ಕೆಂಕೆರೆಯನ್ನೂ ತುರುವೇಕೆರೆಯನ್ನೂ ಸೋಲಿಸಿತು. ಕೆಂಕೆರೆಯು ತುರುವೇಕೆರೆಯನ್ನು ಸೋಲಿಸಿತು. ತುರುವೇಕೆರೆಯು ಹುಳಿಯಾರನ್ನೂ ಚಿಕ್ಕನಾಯಕನಹಳ್ಳಿಯನ್ನೂ ಸೋಲಿಸಿತು. ಹುಳಿಯಾರು ಚಿಕ್ಕನಾಯಕನಹಳ್ಳಿಯನ್ನು ಸೋಲಿಸಿತು. ಒಟ್ಟು ಆರು ಪಂದ್ಯಗಳು. ಕೆಂಕೆರೆ, ತುರುವೇಕೆರೆ, ಹುಳಿಯಾರು ಈ ಮೂರೂ ಆಡಿದುದರಲ್ಲಿ ಅರ್ಧ ಗೆದ್ದು ಅರ್ಧ ಸೋತಿವೆ. ಸಾಮಾನ್ಯ ಅಂಕಪಟ್ಟಿಯಲ್ಲಿ ಶೇಕಡಾ ಐವತ್ತೆಂಬ ಒಂದೇ ಸಾಲಿನಲ್ಲಿ ಅವು ನಿಲ್ಲುತ್ತವೆ.

ಕಾಲಿಯವರ ಸಮೀಕರಣಗಳನ್ನು ಬಿಡಿಸಿದರೆ ತಿಪಟೂರಿಗೆ ೨೩/೩೦, ಕೆಂಕೆರೆಗೆ ೧೭/೩೦, ತುರುವೇಕೆರೆಗೆ ೧೫/೩೦, ಹುಳಿಯಾರಿಗೆ ೧೩/೩೦, ಚಿಕ್ಕನಾಯಕನಹಳ್ಳಿಗೆ ೭/೩೦ ಬರುತ್ತದೆ. ಕೆಂಕೆರೆಯದನ್ನು ತಾಳೆ ನೋಡಬಹುದು: ಆಡಿದ ಪಂದ್ಯಗಳು ಎರಡು, ಅದಕ್ಕೆ ಎರಡು ಸೇರಿ ನಾಲ್ಕು; ನಾಲ್ಕರಿಂದ ೧೭/೩೦ನ್ನು ಗುಣಿಸಿದರೆ ೬೮/೩೦; ಎದುರಾಳಿಗಳಾದ ತಿಪಟೂರು, ತುರುವೇಕೆರೆಗಳ ಮೊತ್ತ ೩೮/೩೦; ಕಳೆದರೆ ಒಂದು. ಗೆಲುವು ಸೋಲುಗಳು ಸಮನಾದುದರಿಂದ ಬರಬೇಕಾದುದೂ ಒಂದೇ. ಕೆಂಕೆರೆಯು ಸೋತದ್ದು ಎಲ್ಲರಿಗಿಂತ ಮೇಲಿನವರಿಗೆ. ಹುಳಿಯಾರು ಗೆದ್ದದ್ದು ಎಲ್ಲರಿಗಿಂತ ಕೆಳಗಿನವರ ಮೇಲೆ. ಶೇಕಡಾವಾರು ಪಟ್ಟಿಯು ಮರೆಮಾಚಿದ ಈ ಅಂತರವನ್ನು ಸಮೀಕರಣವು ಬಯಲಿಗೆ ತರುತ್ತದೆ.

ಈ ಲೆಕ್ಕದ ಇನ್ನೊಂದು ಗುಣವನ್ನೂ ಕಾಣಬೇಕು. ತುರುವೇಕೆರೆ ಚಿಕ್ಕನಾಯಕನಹಳ್ಳಿಗಳ ನಡುವಣ ಪಂದ್ಯದ ಫಲಿತಾಂಶವು ಲೆಕ್ಕಕ್ಕೆ ಸೇರದೆ ಉಳಿಯಿತೆನ್ನೋಣ. ಆಗ ಕೆಂಕೆರೆಯ ಅಂಕವು ೦.೫೬೭ರಿಂದ ೦.೫೪೯ಕ್ಕೆ ಇಳಿಯುತ್ತದೆ. ಆ ಪಂದ್ಯದಲ್ಲಿ ಕೆಂಕೆರೆಯು ಆಡಿಯೇ ಇರಲಿಲ್ಲ. ಎಲ್ಲ ತಂಡಗಳ ಯೋಗ್ಯತೆಯೂ ಒಂದೇ ಬಲೆಯಲ್ಲಿ ಹೆಣೆದುಕೊಂಡಿರುವುದರಿಂದ, ಎಲ್ಲಿಯೋ ಒಂದು ಎಳೆ ಕಳಚಿದರೆ ಬೇರೆಲ್ಲಿಯೋ ಗಂಟು ಸಡಿಲುತ್ತದೆ.

೬. ಯಂತ್ರಕ್ಕೆ ಪಟ್ಟ, ಯಂತ್ರದ ಪದಚ್ಯುತಿ

ಈ ಪದ್ಧತಿಗಳಿಗೆ ಅಧಿಕಾರವು ದೊರೆತದ್ದು ೧೯೯೮ರಲ್ಲಿ. ಅಮೆರಿಕದ ಕಾಲೇಜು ಫುಟ್‌ಬಾಲಿನ ಮೊದಲೆರಡು ತಂಡಗಳನ್ನು ಆರಿಸಿ ಅಂತಿಮ ಪಂದ್ಯವನ್ನಾಡಿಸಲು ಬೌಲ್ ಚಾಂಪಿಯನ್‌ಷಿಪ್ ಸೀರೀಸ್ ಎಂಬ ವ್ಯವಸ್ಥೆಯು ಆಗ ಜಾರಿಗೆ ಬಂದಿತು. ಮತಗಣನೆಗಳ ಜೊತೆಗೆ ಗಣಕ ಶ್ರೇಣಿಗಳಿಗೂ ಅದರಲ್ಲಿ ನಿಶ್ಚಿತವಾದ ಪಾಲಿತ್ತು. ಅದರ ಮುಂದಿನ ಕಥೆಯನ್ನು ನಿಯಮಗಳ ತಿದ್ದುಪಡಿಯ ಚರಿತ್ರೆಯೆಂದೇ ಕರೆಯಬಹುದು.

೨೦೦೧ರ ಋತುವಿನಲ್ಲಿ ನೆಬ್ರಾಸ್ಕಾ ತಂಡವು ತನ್ನ ಕೊನೆಯ ಪಂದ್ಯದಲ್ಲಿ ಕೊಲೊರಾಡೊ ತಂಡಕ್ಕೆ ೬೨-೩೬ರಿಂದ ಸೋತಿತು. ಆದರೂ ಒಟ್ಟು ಲೆಕ್ಕದಲ್ಲಿ ಎರಡನೆಯ ಸ್ಥಾನವು ಅದಕ್ಕೇ ಬಂದು, ಅಂತಿಮ ಪಂದ್ಯದಲ್ಲಿ ಮಯಾಮಿಯ ಕೈಯಲ್ಲಿ ೩೭-೧೪ರಿಂದ ಪರಾಭವಗೊಂಡಿತು. ಎರಡು ಮತಗಣನೆಗಳಲ್ಲಿಯೂ ಎರಡನೆಯದಾಗಿದ್ದ ಆರೆಗನ್ ತಂಡವು ಹೊರಗುಳಿಯಿತು. ದುರ್ಬಲರ ಮೇಲೆ ಬೇಕೆಂದೇ ಅಂಕಗಳನ್ನು ರಾಶಿ ಹಾಕುವುದನ್ನು ಲೆಕ್ಕಗಳು ಪ್ರೋತ್ಸಾಹಿಸುವುವೆಂಬ ದೂರಿನಿಂದಾಗಿ, ಗೆಲುವಿನ ಅಂತರವನ್ನು ಗಣಿಸಕೂಡದೆಂದು ೨೦೦೨ರ ಋತುವಿನಿಂದ ವಿಧಿಸಲಾಯಿತು. ಕೆಲವು ಗಣಿತಜ್ಞರಿಗೆ ಇದು ಒಪ್ಪಿಗೆಯಾಗಲಿಲ್ಲ. ಅಂತರವು ಬಲವನ್ನು ತಿಳಿಯಲು ಒದಗುವ ಉಪಯುಕ್ತ ಸಾಕ್ಷ್ಯವೆಂದೇ ಅವರ ವಾದ. ಸತ್ಯವನ್ನು ಅಳೆಯಲು ಹಿತವಾದುದು, ಆಟದ ಮರ್ಯಾದೆಗೆ ಅಹಿತವಾಗಬಹುದೆಂಬ ವಿರೋಧವು ಇಲ್ಲಿದೆ.

೨೦೦೩ರಲ್ಲಿ ಪತ್ರಕರ್ತರೂ ತರಬೇತುದಾರರೂ ದಕ್ಷಿಣ ಕ್ಯಾಲಿಫೋರ್ನಿಯ ತಂಡವನ್ನು ಮೊದಲನೆಯದೆಂದರು. ಒಟ್ಟು ಲೆಕ್ಕದಲ್ಲಿ ಅದು ಮೂರನೆಯದಾಯಿತು. ತನ್ನ ಕೊನೆಯ ಪಂದ್ಯದಲ್ಲಿ ೩೫-೭ರಿಂದ ಸೋತಿದ್ದ ಒಕ್ಲಹೋಮವೂ, ಲೂಯಿಸಿಯಾನ ರಾಜ್ಯ ವಿಶ್ವವಿದ್ಯಾಲಯವೂ ಅಂತಿಮ ಪಂದ್ಯವನ್ನಾಡಿದುವು. ಲೂಯಿಸಿಯಾನವು ೨೧-೧೪ರಿಂದ ಗೆದ್ದರೂ, ಪತ್ರಕರ್ತರು ದಕ್ಷಿಣ ಕ್ಯಾಲಿಫೋರ್ನಿಯವನ್ನೇ ಚಾಂಪಿಯನ್ ಎಂದು ಸಾರಿದರು. ವಿವಾದವನ್ನು ಮುಗಿಸಲು ಹುಟ್ಟಿದ ವ್ಯವಸ್ಥೆಯಿಂದಲೇ ಇಬ್ಬರು ಚಾಂಪಿಯನ್ನರು ಹೊರಬಂದರು. ಮರುವರ್ಷ ಸೂತ್ರವನ್ನು ಮತ್ತೆ ಬದಲಿಸಿ, ಎರಡು ಮತಗಣನೆಗಳಿಗೆ ಮೂರರಲ್ಲಿ ಎರಡು ಪಾಲನ್ನೂ, ಆರು ಗಣಕ ಶ್ರೇಣಿಗಳಿಗೆ ಒಂದು ಪಾಲನ್ನೂ ಕೊಡಲಾಯಿತು. ಮತಗಣನೆಗೆ ಎದುರಾದಾಗ ಯಂತ್ರದ ಮಾತಿಗೆ ಬೆಲೆ ಕುಗ್ಗಿತು.

೨೦೧೦ರ ಡಿಸೆಂಬರಿನಲ್ಲಿ ನಡೆದ ಘಟನೆಯೊಂದು ನಮ್ಮ ದೃಷ್ಟಿಯಿಂದ ಹೆಚ್ಚು ಬೋಧಪ್ರದವಾದುದು. ಕೆಳದರ್ಜೆಯ ಒಂದು ಪಂದ್ಯದ ಫಲಿತಾಂಶವು ಕಾಲಿಯವರ ಅಂತಿಮ ಲೆಕ್ಕಕ್ಕೆ ಸೇರದೆ ಬಿಟ್ಟುಹೋಗಿತ್ತು. ಸರಿಪಡಿಸಿದಾಗ, ಆ ಪಂದ್ಯಕ್ಕೆ ಯಾವ ಸಂಬಂಧವೂ ಇಲ್ಲದ ಲೂಯಿಸಿಯಾನ ರಾಜ್ಯ ಮತ್ತು ಬಾಯ್ಸಿ ರಾಜ್ಯ ತಂಡಗಳ ಹತ್ತನೆಯ ಹನ್ನೊಂದನೆಯ ಸ್ಥಾನಗಳು ಅದಲುಬದಲಾದುವು. ಕೆಂಕೆರೆಯ ದೃಷ್ಟಾಂತದಲ್ಲಿ ನಾವು ಕಂಡದ್ದು ಇದನ್ನೇ. ಈ ಲೋಪವನ್ನು ಹೊರಗಿನ ಪರಿಶೀಲಕರೊಬ್ಬರು ಹಿಡಿದುಕೊಟ್ಟರು. ಕಾಲಿಯವರು ತಮ್ಮ ಸೂತ್ರವನ್ನು ಸಂಪೂರ್ಣವಾಗಿ ಪ್ರಕಟಿಸಿದ್ದುದರಿಂದಲೇ ಹಾಗೆ ಪರಿಶೀಲಿಸುವುದು ಸಾಧ್ಯವಾಯಿತು. ಸೂತ್ರವನ್ನು ಗೋಪ್ಯವಾಗಿಟ್ಟುಕೊಂಡ ಶ್ರೇಣಿಗಳಲ್ಲಿ ಇಂಥ ಲೋಪಗಳು ಇದ್ದರೂ ಹೊರಗಿನವರು ಅರಿಯುವ ಬಗೆಯಿರಲಿಲ್ಲ.

೨೦೧೩ರ ಋತುವಿನೊಡನೆ ಈ ವ್ಯವಸ್ಥೆಯು ಕೊನೆಗೊಂಡಿತು. ೨೦೧೪ರಿಂದ ಹದಿಮೂರು ಮಂದಿಯ ಆಯ್ಕೆ ಸಮಿತಿಯೊಂದು ಮೊದಲ ನಾಲ್ಕು ತಂಡಗಳನ್ನು ಆರಿಸತೊಡಗಿತು; ೨೦೨೪ರಲ್ಲಿ ತಂಡಗಳ ಸಂಖ್ಯೆಯನ್ನು ಹನ್ನೆರಡಕ್ಕೆ ಏರಿಸಲಾಯಿತು. ಬ್ಯಾಸ್ಕೆಟ್‌ಬಾಲಿನಲ್ಲಿ ಮಾತ್ರ ೧೯೮೧ರಿಂದ ಬಳಕೆಯಲ್ಲಿದ್ದ ಲೆಕ್ಕದ ಸ್ಥಾನಕ್ಕೆ ೨೦೧೮ರಲ್ಲಿ ಹೊಸ ಗಣಕ ಪದ್ಧತಿಯು ಬಂದಿದ್ದು, ಅದು ಸಮಿತಿಯ ಕೈಯಲ್ಲಿ ಸಾಧನವಾಗಿ ಉಳಿದಿದೆ.

೭. ಉಪಸಂಹಾರ

ಮೇಲಿನ ಚರಿತ್ರೆಯಿಂದ ಯಂತ್ರವು ಸೋತಿತೆಂದು ಹೇಳುವುದು ಸರಿಯಾಗದು. ಕೊಟ್ಟ ನಿಯಮವನ್ನು ಅದು ಕೊಟ್ಟಂತೆಯೇ ನಡೆಸಿತು. ಫಲವು ಮೆಚ್ಚಿಗೆಯಾಗದಿದ್ದಾಗ ಜನರು ನಿಯಮವನ್ನು ಬದಲಿಸಿದರು. ಬದಲಿಸಿದ ನಿಯಮವೂ ಮರುವರ್ಷ ಬೇರೊಬ್ಬರಿಗೆ ನೋವನ್ನು ತಂದಿತು. ಗೆಲುವಿನ ಅಂತರವನ್ನು ಎಣಿಸಬೇಕೆ, ಋತುವಿನ ಕೊನೆಯ ಸೋಲು ಮೊದಲಿನ ಸೋಲಿಗಿಂತ ಭಾರವೇ, ಒಂದು ಚಿನ್ನಕ್ಕೆ ಎಷ್ಟು ಕಂಚುಗಳು ಸಮ ಎಂಬ ಪ್ರಶ್ನೆಗಳಿಗೆ ಯಾವ ಸಮೀಕರಣವೂ ಉತ್ತರವನ್ನು ಕೊಡಲಾರದು. ಅವು ಆಟವಾಡುವ ಸಮಾಜವು ತಾನೇ ಆಲೋಚಿಸಿ ನಿಶ್ಚಯಿಸಬೇಕಾದ ವಿಷಯಗಳು.

ನಿಶ್ಚಯವು ಆಟಕ್ಕೆ ಮುಂಚೆ ಆದರೆ ಅದಕ್ಕೆ ಬಲವುಂಟು. ೧೯೭೪ರಲ್ಲಿ ಬೆಂಗಳೂರಿನಲ್ಲಿ ನಡೆದ ರಣಜಿ ಸೆಮಿಫೈನಲಿನಲ್ಲಿ ಕರ್ನಾಟಕವು ೩೮೫, ಮುಂಬಯಿಯು ೩೦೭ ಓಟಗಳನ್ನು ಗಳಿಸಿದುವು. ಪಂದ್ಯವು ಪೂರ್ಣವಾಗಿ ತೀರ್ಮಾನವಾಗದಿದ್ದರೂ ಮೊದಲ ಸರದಿಯ ಮುನ್ನಡೆಯ ನಿಯಮದಂತೆ ಕರ್ನಾಟಕವು ಫೈನಲಿಗೆ ಹೋಯಿತು. ಮುಂಬಯಿಯ ಹದಿನೈದು ವರ್ಷಗಳ ಅವಿಚ್ಛಿನ್ನ ಪ್ರಭುತ್ವವು ಮುಗಿಯಿತು. ಮೊದಲ ಸರದಿಗೆ ಅಷ್ಟು ಬೆಲೆಯೇಕೆಂದು ವಾದಿಸಬಹುದು. ಆದರೆ ಮೊದಲ ಚೆಂಡನ್ನು ಎಸೆಯುವ ಮುನ್ನವೇ ಎರಡೂ ತಂಡಗಳಿಗೆ ಆ ನಿಯಮವು ತಿಳಿದಿತ್ತು.

ಇದರಿಂದ ನಮ್ಮ ಅಂತರಕಾಲೇಜು ಪಂದ್ಯಗಳಿಗೆ ಮೂರು ಮಾತುಗಳನ್ನು ಸೂಚಿಸಬಹುದೆಂದು ಭಾವಿಸುತ್ತೇವೆ. ಮೊದಲನೆಯದಾಗಿ, ವಿಜೇತರ ಹೆಸರನ್ನು ಮಾತ್ರ ಬರೆದಿಡುವ ರೂಢಿಯನ್ನು ಬಿಟ್ಟು, ಪ್ರತಿಯೊಂದು ಪಂದ್ಯದ ಎದುರಾಳಿ, ಅಂಕ, ದಿನಾಂಕ, ಸ್ಥಳಗಳನ್ನು ದಾಖಲೆ ಮಾಡಿ ರಕ್ಷಿಸಬೇಕು. ದಾಖಲೆಯಿಲ್ಲದೆ ಯಾವ ಪದ್ಧತಿಯೂ ಕೆಲಸ ಮಾಡದು. ಒಂದೇ ಪಂದ್ಯವು ಬಿಟ್ಟುಹೋದರೂ ಆಡದವರ ಸ್ಥಾನವೂ ಪಲ್ಲಟವಾಗುವುದನ್ನು ಕಂಡಿದ್ದೇವೆ. ಎರಡನೆಯದಾಗಿ, ಶ್ರೇಣಿಯ ಸೂತ್ರವು ಯಾವುದೇ ಆಗಿರಲಿ, ಅದನ್ನು ಋತುವಿನ ಆರಂಭದಲ್ಲಿಯೇ ಎಲ್ಲ ಕಾಲೇಜುಗಳಿಗೂ ಪ್ರಕಟಿಸಬೇಕು. ವಿದ್ಯಾರ್ಥಿಯೊಬ್ಬನು ಕಾಗದ ಪೆನ್ಸಿಲುಗಳಿಂದ ತಾಳೆ ನೋಡುವಷ್ಟು ಅದು ಸರಳವಾಗಿದ್ದರೆ ಇನ್ನೂ ಒಳ್ಳೆಯದು. ಮೂರನೆಯದಾಗಿ, ತಂಡದ ಸಾಮರ್ಥ್ಯಾಂಕವನ್ನು ಆಟಗಾರನ ಯೋಗ್ಯತೆಯೆಂದು ಭ್ರಮಿಸಕೂಡದು. ಹಿಂದುಳಿದ ತಂಡದಲ್ಲಿ ಮುಂದಿನ ಸಾಲಿನ ಆಟಗಾರನಿರಬಹುದು. ಮೊದಲ ಸುತ್ತಿನಲ್ಲಿ ಸೋತ ತಂಡಗಳಿಗೂ ಇನ್ನೊಂದೆರಡು ಪಂದ್ಯಗಳನ್ನು ಒದಗಿಸಿ ಆಯ್ಕೆಗಾರರು ನೋಡುವಂತೆ ಏರ್ಪಡಿಸಿದರೆ, ಯಾವ ಗಣಕವೂ ಮಾಡಲಾರದ ಉಪಕಾರವಾಗುತ್ತದೆ.

ಕಾಲೇಜಿನ ಗಣಿತ, ಸಂಖ್ಯಾಶಾಸ್ತ್ರ, ದೈಹಿಕ ಶಿಕ್ಷಣ ವಿಭಾಗಗಳು ಕೂಡಿ ತಮ್ಮ ವಿಶ್ವವಿದ್ಯಾಲಯದ ಹಿಂದಿನ ಪಂದ್ಯಗಳ ದಾಖಲೆಗಳನ್ನು ಸಂಗ್ರಹಿಸತೊಡಗಿದರೆ ಈ ಕೆಲಸವು ಎಲ್ಲಿಂದ ಬೇಕಾದರೂ ಪ್ರಾರಂಭವಾಗಬಹುದು. ಅಧ್ಯಾಪಕರೂ ವಿದ್ಯಾರ್ಥಿಗಳೂ ಇದರತ್ತ ಗಮನ ಹರಿಸುವರೆಂದು ಆಶಿಸುತ್ತೇವೆ.